ತಜ್ಞರ ಹತ್ತು ಸೆಕೆಂಡು

ಬಾಯಿ ಮುಚ್ಚಿಕೊಂಡಿರಲು ಮನುಷ್ಯನಿಗೆ ದಿನಕ್ಕೆ ನೂರಾರು ಅವಕಾಶಗಳು ಸಿಗುತ್ತವೆ. ನಮ್ಮ ತಜ್ಞರು ತಮ್ಮ ನಲವತ್ತೇಳು ವರ್ಷಗಳ ಬಾಳಿನಲ್ಲಿ ಅವುಗಳಲ್ಲಿ ಒಂದನ್ನೂ ಬಳಸಿಕೊಂಡವರಲ್ಲ.

ಅವರು ನೀರು ಸರಬರಾಜು ಕಚೇರಿಯಲ್ಲಿ ಟಪಾಲು ಗುಮಾಸ್ತರು. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ನಂಬರು ಹಾಕುವುದು, ಇವೆರಡರ ನಡುವೆ ಕಾಫಿ ಕುಡಿಯುವುದು ಅವರ ಕೆಲಸ. ‘ತಜ್ಞರು’ ಎಂಬ ಬಿರುದು ಬಂದದ್ದು ಮೂರು ವರ್ಷದ ಹಿಂದೆ. ಒಂದು ಬೆಳಿಗ್ಗೆ ಮೇಲಧಿಕಾರಿ ಮೇಡಂ ಅವರ ಕಂಪ್ಯೂಟರ್ ಉಸಿರು ಬಿಡದೆ ಕೂತಿತ್ತು. ಇಡೀ ಕಚೇರಿ ಸುತ್ತ ನಿಂತು ಲೊಚಗುಟ್ಟುತ್ತಿರುವಾಗ ಇವರು ಕೆಳಗೆ ಬಿದ್ದ ಪೆನ್ನು ಹುಡುಕಲು ಮೇಜಿನ ಅಡಿಗೆ ನುಸುಳಿದರು. ಏಳುವಾಗ ತಲೆ ಸಡಿಲವಾಗಿದ್ದ ಪ್ಲಗ್ಗಿಗೆ ಬಡಿಯಿತು; ಕಂಪ್ಯೂಟರ್ ಗುಯ್‌ಗುಟ್ಟಿ ಎದ್ದಿತು. ಇವರು ತಲೆ ಉಪಯೋಗಿಸಿ ಸರಿ ಮಾಡಿದರೆಂದು ಮೇಡಂ ಎಲ್ಲರೆದುರು ಹೊಗಳಿದರು. ಬಾವು ಇಳಿಯಲು ನಾಲ್ಕು ದಿನ ಹಿಡಿಯಿತು, ಬಿರುದು ಮಾತ್ರ ಉಳಿದುಬಿಟ್ಟಿತು.

ಅಂಥವರು ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿರುವಾಗ, ಪಕ್ಕದ ಮೇಜಿನ ಟೈಪಿಸ್ಟ್, ತನ್ನ ತಮ್ಮ ಒಂದೇ ಕಂಪ್ಯೂಟರಿನಲ್ಲಿ ಅದನ್ನು ನಡೆಸುವ ಎರಡು ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದಾನೆ ಎಂದಳು. ಆಕೆ ಹೇಳಿದ್ದು ಸುಮ್ಮನೆ. ಆದರೆ ಮೇಡಂ ಬಾಗಿಲಲ್ಲೇ ನಿಂತಿದ್ದರು.

“ಅದರಲ್ಲೇನಿದೆ?” ಎಂದರು ತಜ್ಞರು ತುತ್ತು ನುಂಗುತ್ತ. “ನಮ್ಮನೇಲಿ ಒಂದು ವರ್ಷದಿಂದ ಎರಡಿವೆ.”

“ಎರಡು ಯಾಕೆ ಸಾರ್ ನಿಮಗೆ?”

“ಒಂದು ಕೆಲಸಕ್ಕೆ.” ಇನ್ನೊಂದು ಯಾವುದಕ್ಕೆಂದು ಅವರಿಗೂ ಹೊಳೆಯಲಿಲ್ಲ. “ಇನ್ನೊಂದು ಇರಲಿ ಅಂತ.”

ಮೇಡಂ ಒಳಗೆ ಬಂದರು. “ನಮ್ಮನೆ ಕಂಪ್ಯೂಟರಿಗೂ ಹಾಗೇ ಮಾಡಿಸ್ಬೇಕು ಅಂತಿದ್ದೆ ಕಣ್ರೀ. ಮುಂದಿನ ಶನಿವಾರ ನಿಮ್ಮ ಬೀದಿ ಕಡೆ ಬರೋದಿದೆ. ನೋಡ್ಕೊಂಡು ಹೋಗ್ತೀನಿ.”

ತಜ್ಞರು ಹಲ್ಲು ಕಿರಿದರು. ಅರ್ಧ ತಿಂದ ಡಬ್ಬಿ ಮುಚ್ಚಿಟ್ಟರು.

ಇಲ್ಲಿ ಒಂದು ಸಂಗತಿ ಹೇಳಬೇಕು. ಅವರ ಮನೆಯ ಕಂಪ್ಯೂಟರ್ ಅವರದಲ್ಲ, ಮಾವನದು. ಮಾವ ರೈಲ್ವೆಯಲ್ಲಿ ಮೂವತ್ತು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬರುವಾಗ ಒಂದು ಟ್ರಂಕು, ಒಂದು ಗೋಡೆ ಗಡಿಯಾರ ಮತ್ತು ಈ ಕಂಪ್ಯೂಟರನ್ನು ತಂದಿದ್ದರು. ಅದರಲ್ಲಿ ಎರಡು ವರ್ಷದಿಂದ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ತಮ್ಮ ಆತ್ಮಕಥೆ ಬರೆದು ಮುಗಿಸಿದ್ದರು: ‘ಒಂದು ನಿಮಿಷವೂ ತಡವಾಗದ ಬಾಳು’, ಮುನ್ನೂರ ಹನ್ನೆರಡು ಪುಟ. ಮೇಡಂ ಬರುವ ಶನಿವಾರ ಕಳೆದ ಸೋಮವಾರ ಅದು ಪ್ರೆಸ್ಸಿಗೆ ಹೋಗಬೇಕಿತ್ತು. ರೈಲ್ವೆ ಪಿಂಚಣಿದಾರರ ಸಂಘದವರು ಬಿಡುಗಡೆಗೆ ದಿನ ಕೂಡ ಗೊತ್ತುಮಾಡಿದ್ದರು.

ಕಂಪ್ಯೂಟರೋ, ಮಹಾ ಆಲಸಿ. ಸ್ವಿಚ್ ಒತ್ತಿದರೆ ಎಚ್ಚರವಾಗಲು ಕಾಲು ಗಂಟೆ ಬೇಕು. ಹಾಗಾಗಿ ಸ್ವಿಚ್ ಒತ್ತುವುದು, ಬೇರೆ ಕೆಲಸಕ್ಕೆ ಹೋಗುವುದು, ಇದು ಆ ಮನೆಯ ಪದ್ಧತಿ. ತಜ್ಞರು ಸ್ವಿಚ್ ಒತ್ತಿ ಸ್ನಾನಕ್ಕೆ ಹೋಗುತ್ತಿದ್ದರು, ಅವರ ಹೆಂಡತಿ ಸ್ವಿಚ್ ಒತ್ತಿ ಬಟ್ಟೆ ಒಣಹಾಕಲು ಹೋಗುತ್ತಿದ್ದಳು. ಮಾವ ಒಬ್ಬರೇ ಎಲ್ಲಿಗೂ ಹೋಗುತ್ತಿರಲಿಲ್ಲ. ಕೈಕಟ್ಟಿ ಪರದೆಯ ಮುಂದೆ ನಿಲ್ಲುತ್ತಿದ್ದರು. “ಗಾಡಿ ಬರ್ತಾ ಇದೆ ಅಂತ ಗೊತ್ತಾದ ಮೇಲೆ ಪ್ಲಾಟ್‌ಫಾರ್ಮ್ ಬಿಟ್ಟು ಹೋಗೋನು ಸ್ಟೇಷನ್ ಮಾಸ್ಟರೇ ಅಲ್ಲ” ಎನ್ನುತ್ತಿದ್ದರು. ಅಳಿಯಂದಿರು ಇದನ್ನು ನೂರು ಸಲ ಕೇಳಿದ್ದರು, ಅಂದರೆ ನೂರು ಸಲವೂ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಅದೃಷ್ಟಕ್ಕೆ, ಅಥವಾ ದುರದೃಷ್ಟಕ್ಕೆ, ಆ ಶುಕ್ರವಾರವೇ ಮಾವನಿಗೆ ಕಣ್ಣಿನ ಪೊರೆ ತೆಗೆಯುವ ಆಪರೇಷನ್ ಆಯಿತು. ಒಂದು ವಾರ ಕಪ್ಪು ಕನ್ನಡಕ ಹಾಕಬೇಕು, ಓದಬಾರದು, ಬರೆಯಬಾರದು, ಕಂಪ್ಯೂಟರ್ ಪರದೆಯ ಕಡೆ ತಲೆ ಹಾಕಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ತಜ್ಞರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ?

ಭಾನುವಾರ ಬೆಳಿಗ್ಗೆ ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿಕೊಂಡು ಕೂತರು. ಹೊಸ ಸಿಸ್ಟಮನ್ನು ಮೊದಲು ಪೆನ್ ಡ್ರೈವಿಗೆ ಇಳಿಸಿಕೊಳ್ಳಬೇಕಂತೆ. ಮನೆಯಲ್ಲಿದ್ದದ್ದು ಒಂದೇ ಪೆನ್ ಡ್ರೈವ್. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೆ ಎಂದು ಕಂಪ್ಯೂಟರ್ ಕೇಳಿತು. ಆಗಬಹುದು ಎಂದು ಒತ್ತಿದರು. ಅದು ಮಾವ ತಮ್ಮ ಪುಸ್ತಕದ ಪ್ರತಿ ಇಟ್ಟುಕೊಂಡಿದ್ದ ಪೆನ್ ಡ್ರೈವ್ ಎಂಬುದು ನೆನಪಾದದ್ದು ಎರಡು ನಿಮಿಷದ ನಂತರ. ಹೋಗಲಿ, ಮೂಲ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡರು.

ಆಮೇಲೆ ಕಂಪ್ಯೂಟರ್ ಇನ್ನೊಂದು ಪ್ರಶ್ನೆ ಕೇಳಿತು. ಹಳೆಯದರ ಪಕ್ಕದಲ್ಲಿ ಹೊಸದನ್ನು ಕೂರಿಸಲೆ, ಇಲ್ಲ ಹಳೆಯದನ್ನೆಲ್ಲ ಒರೆಸಿ ಹಾಕಿ ಕೂರಿಸಲೆ? ಅದೇ ಕ್ಷಣಕ್ಕೆ ಅಡುಗೆಮನೆಯಿಂದ ಹೆಂಡತಿ “ರೀ, ಸಿಲಿಂಡರ್ ಬಂತು!” ಎಂದು ಕೂಗಿದಳು. ತಜ್ಞರು ಬೆಚ್ಚಿ ಎಂಟರ್ ಒತ್ತಿ ಎದ್ದು ಓಡಿದರು. ಯಾವುದಕ್ಕೆ ಒತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲ. ನಮಗೆ ಗೊತ್ತು: ಮೊದಲಿನದಕ್ಕೆ. ಹಳೆಯದು ಹಾಗೇ ಉಳಿಯಿತು, ಹೊಸದು ಪಕ್ಕದಲ್ಲಿ ಕೂತಿತು. ಇದರಲ್ಲಿ ಅವರ ಜಾಣತನ ಎಳ್ಳಷ್ಟೂ ಇಲ್ಲ. ಯಾರಾದರೂ ತಿಳಿಗೇಡಿ ನೋಡದೆ ಒತ್ತಿಯಾನು ಎಂದು ಆ ಸಿಸ್ಟಮ್ ಮಾಡಿದವರೇ ಮೊದಲಿನದಕ್ಕೆ ಗುರುತು ಹಾಕಿಟ್ಟಿದ್ದರು.

ಕೆಲಸ ಮುಗಿಯಿತು, ಪೆನ್ ಡ್ರೈವ್ ಕಿತ್ತು ಎಂಟರ್ ಒತ್ತಿ ಎಂದಿತು. ಒತ್ತಿದರು. ಪದ್ಧತಿಯಂತೆ ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ಅವರ ಬೆನ್ನ ಹಿಂದೆ ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡಿದವು. ಮೊದಲ ಸಾಲಿನಲ್ಲಿ ಹೊಸ ಸಿಸ್ಟಮಿನ ಹೆಸರು, ಎರಡನೆಯದರಲ್ಲಿ ಹಳೆಯದರ ಹೆಸರು. ಯಾವುದು ಬೇಕೋ ಆರಿಸಿಕೊಳ್ಳಿ, ಹತ್ತು ಸೆಕೆಂಡು ಕಾಯುತ್ತೇನೆ ಎಂದು ಕಂಪ್ಯೂಟರ್ ಹತ್ತು, ಒಂಬತ್ತು, ಎಂಟು ಎಂದು ಎಣಿಸಿತು. ಯಾರೂ ಬರಲಿಲ್ಲ. ತಾನೇ ಹೊಸದನ್ನು ಆರಿಸಿಕೊಂಡು ಒಂದು ನಿಮಿಷದಲ್ಲಿ ಸಿದ್ಧವಾಗಿ ಕೂತಿತು.

ತಲೆ ಒರೆಸಿಕೊಳ್ಳುತ್ತ ಬಂದ ತಜ್ಞರು ಕಂಡದ್ದು ನೀಲಿ ಬೆಟ್ಟದ ಚಿತ್ರ ಮತ್ತು ಖಾಲಿ ಪರದೆ. ಮಾವನ ಫೋಲ್ಡರ್ ಇಲ್ಲ, ಫೈಲಿಲ್ಲ, ಏನೂ ಇಲ್ಲ. ಆಫ್ ಮಾಡಿ ಮತ್ತೆ ಹಾಕಿದರು. ಹಾಕಿದ ಮೇಲೆ ಕಾಲು ಗಂಟೆ ಹಿತ್ತಲಲ್ಲಿ ಶತಪಥ ಹಾಕಿ ಬಂದರು. ಮತ್ತೆ ಅದೇ ಬೆಟ್ಟ. ಆ ವಾರ ಅವರು ಹದಿನೇಳು ಸಲ ಆ ಕಂಪ್ಯೂಟರ್ ಹಾಕಿದರು, ಹದಿನೇಳು ಸಲವೂ ಹತ್ತು ಸೆಕೆಂಡಿನ ಮಟ್ಟಿಗೆ ಬೇರೆ ಕಡೆ ಇದ್ದರು.

ಸೋಮವಾರ ಕಚೇರಿಯಲ್ಲಿ ಟೈಪಿಸ್ಟಳನ್ನು ಮೂಲೆಗೆ ಕರೆದರು.

“ನಮ್ಮ ಬೀದೀಲಿ ಒಬ್ಬ ದಡ್ಡ ಇದಾನಮ್ಮ. ಎರಡು ಸಿಸ್ಟಮ್ ಹಾಕೋಕೆ ಹೋಗಿ ಹಳೇದೆಲ್ಲ ಕಳ್ಕೊಂಡಿದಾನಂತೆ.”

“ನಿಜವಾಗ್ಲೂ ಹೋಗಿದ್ಯಾ ಸಾರ್? ಶುರುವಾಗೋವಾಗ ಯಾವುದು ಬೇಕು ಅಂತ ಕೇಳುತ್ತಲ್ಲ?”

“ಏನೂ ಕೇಳಲ್ಲಮ್ಮ. ನಾನೇ... ಅವನೇ ಎಷ್ಟೋ ಸಲ ಹಾಕಿ ನೋಡಿದಾನೆ.”

“ಹಾಗಾದ್ರೆ ಒರೆಸಿ ಹಾಕಿದಾನೆ ಬಿಡಿ. ನೀವೇ ಹೋಗಿ ಒಂದ್ಸಲ ನೋಡಬಹುದಿತ್ತಲ್ಲ, ತಜ್ಞರು?”

“ನನಗೆಲ್ಲಿ ಪುರುಸೊತ್ತು?” ಎಂದು ತಜ್ಞರು ಹುಳ್ಳಗೆ ನಕ್ಕರು. ನನ್ನದೇ ಕಂಪ್ಯೂಟರ್, ಬಂದು ನೋಡು ತಾಯಿ ಎಂದು ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಬಿರುದು ಹೊತ್ತವರಿಗೆ ಆ ಒಂದು ಮಾತು ಬಹಳ ಭಾರ.

ಅವರು ಹುಡುಕಿಕೊಂಡ ದಾರಿ ಬೇರೆ. ಪುಸ್ತಕವನ್ನು ತಾವೇ ಮತ್ತೆ ಬರೆಯುವುದು! ಮಾವ ಅದರ ಒಂದೊಂದು ಪ್ರಸಂಗವನ್ನೂ ಊಟಕ್ಕೆ ಕೂತಾಗ ಹೇಳಿಲ್ಲವೆ? ತಾವು ಎದುರಿಗೇ ಕೂತು ಹೂಂಗುಟ್ಟಿಲ್ಲವೆ? ಕಚೇರಿಯ ಮೇಜಿನಲ್ಲೇ, ಕಚೇರಿಯ ಹೊತ್ತಿನಲ್ಲೇ ಬರೆಯಲು ಕೂತರು. ಅರ್ಧ ಪುಟ ಆಗುವಷ್ಟರಲ್ಲಿ ತಮಗೆ ಏನೂ ನೆನಪಿಲ್ಲವೆಂಬುದು ನೆನಪಾಯಿತು. ಹೂಂಗುಟ್ಟಿದ್ದು ಸಾವಿರ ಸಲ, ಕೇಳಿಸಿಕೊಂಡದ್ದು ಶೂನ್ಯ.

ಹೆಂಡತಿಗೆ ವಿಷಯ ಹೇಳಲೇಬೇಕಾಯಿತು. ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. “ಅಪ್ಪನಿಗೆ ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾರೆ ಕಣ್ರೀ. ಎರಡು ವರ್ಷ! ನಿಮಗೆ ಮುಟ್ಟೋಕೆ ಬೇರೆ ಏನೂ ಸಿಗ್ಲಿಲ್ವಾ?” ಎಂದು ಬೈದಳು. ಬೈದು ಮುಗಿದ ಮೇಲೆ, ತನ್ನ ಬಗ್ಗೆ ಎರಡು ಒಳ್ಳೆಯ ಮಾತು ಸೇರಿಸಲು ಮರೆಯಬೇಡಿ ಎಂದಳು.

ಅವಳಿಂದ ಅವಳ ತಮ್ಮನಿಗೆ, ತಮ್ಮನಿಂದ ಅವರ ಸೋದರತ್ತೆಗೆ, ಅತ್ತೆಯಿಂದ ಎದುರುಮನೆಯ ನಿವೃತ್ತ ಗೂಡ್ಸ್ ಗುಮಾಸ್ತರಿಗೆ ಸುದ್ದಿ ಮುಟ್ಟಿತು. ಮಾವನ ಒಬ್ಬರ ಕಿವಿ ಬಿಟ್ಟು ಎಲ್ಲರ ಕಿವಿಗೂ ಬಿತ್ತು. ಅಯ್ಯೋ, ಎರಡು ವರ್ಷದ ದುಡಿಮೆ ಹೋಯಿತಲ್ಲ ಎಂದು ಯಾರಾದರೂ ಕಣ್ಣೀರು ಹಾಕಿದರೇ? ಒಬ್ಬೊಬ್ಬರೇ ಟಪಾಲು ವಿಭಾಗಕ್ಕೆ ಹಾಜರಾದರು.

“ಅವನು ರೈಲ್ವೆ ಪರೀಕ್ಷೆ ಪಾಸಾಗಿದ್ದೇ ನಾನು ಪಾಠ ಒಪ್ಪಿಸಿಕೊಂಡಿದ್ದಕ್ಕೆ” ಎಂದರು ಸೋದರತ್ತೆ, ಕುರ್ಚಿ ಎಳೆದುಕೊಂಡು. “ಬರ್ಕೊಳ್ಳಿ. ‘ನನ್ನ ತಂಗಿ ಇಲ್ಲದಿದ್ದರೆ ನಾನು ಸೊನ್ನೆ’ ಅಂತ.”

“ಅಷ್ಟು ಬೇಡ ಅತ್ತೆ, ಮಾವನಿಗೆ ಅನುಮಾನ ಬರುತ್ತೆ.”

“ಸೊನ್ನೆ ಬೇಡ ಅಂದ್ರೆ ‘ಏನೂ ಅಲ್ಲ’ ಅಂತ ಹಾಕಿ.”

ಗೂಡ್ಸ್ ಗುಮಾಸ್ತರು ಕೋಲೂರಿಕೊಂಡು ಬಂದರು. ಮಳೆಗೆ ಹಳಿ ಕುಸಿದ ದಿನ ಕೆಂಪು ಬಾವುಟ ಹಿಡಿದು ಓಡಿ ಗಾಡಿ ನಿಲ್ಲಿಸಿದ್ದು ತಾವೇ ಎಂದರು. ಅದು ಮಾವ ಎಂದು ಕೇಳಿದ ಹಾಗಿತ್ತಲ್ಲ ಎಂದರೆ, “ಅವರೂ ಇದ್ದರು. ಹಿಂದೆ ಇದ್ದರು” ಎಂದರು. ಭಾವಮೈದ ತಾನು ಮೂರು ಸಲ ನಪಾಸಾದ ವಿಷಯ ಪುಸ್ತಕದಲ್ಲಿ ಬರಲೇಕೂಡದು ಎಂದ. “ಭಾವ, ನೀವು ನನ್ನ ಮಾತು ನಡೆಸಿಕೊಡಿ, ನಾನು ಬಾಯಿಗೆ ಬೀಗ ಹಾಕ್ಕೋತೀನಿ” ಎಂದು ಒಪ್ಪಂದ ಮಾಡಿಕೊಂಡು ಹೋದ. ಹೀಗೆ ಐದು ದಿನದಲ್ಲಿ ಒಬ್ಬ ಮನುಷ್ಯನ ಬಾಳು ಅವನ ಬಂಧುಬಳಗಕ್ಕೆ ಹಂಚಿಹೋಯಿತು. ಉಳಿದ ಜಾಗದಲ್ಲಿ ತಜ್ಞರು ‘ನನ್ನ ಅಳಿಯ: ಒಂದು ಅನುಕರಣೀಯ ವ್ಯಕ್ತಿತ್ವ’ ಎಂಬ ಹನ್ನೊಂದು ಪುಟದ ಅಧ್ಯಾಯ ಸೇರಿಸಿದರು.

ಭಾಷೆಯ ಮಾತು ಹೇಳದಿರುವುದೇ ಮೇಲು. ಇಪ್ಪತ್ತು ವರ್ಷ ಟಪಾಲಿನಲ್ಲಿ ಕಳೆದ ಕೈ. ಪುಸ್ತಕ ಶುರುವಾದದ್ದು ಹೀಗೆ: “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಾನು ಜನಿಸಿರುತ್ತೇನೆ. ಈ ಬಗ್ಗೆ ನನ್ನ ತಂದೆಯವರು ಮಾಹಿತಿ ಪಡೆದು ಸಂತೋಷ ವ್ಯಕ್ತಪಡಿಸಿರುತ್ತಾರೆ.”

ಗುರುವಾರ ಸಂಜೆ ಮಾವ ಕಪ್ಪು ಕನ್ನಡಕದಲ್ಲಿ ಹಜಾರದ ಕುರ್ಚಿಗೆ ಬಂದು ಕೂತರು. “ಅಳಿಯಂದ್ರೇ, ಸೋಮವಾರ ಪ್ರೆಸ್ಸಿಗೆ ಕೊಡ್ಬೇಕು. ಅದಕ್ಕೆ ಮುಂಚೆ ಒಂದ್ಸಲ ಕೇಳ್ಬೇಕು ಅನ್ನಿಸ್ತಿದೆ. ಅವಳ ಅಧ್ಯಾಯ ಓದಿ.”

ಅವಳು ಎಂದರೆ ತೀರಿಕೊಂಡ ಹೆಂಡತಿ. ತಜ್ಞರು ಗಂಟಲು ಸರಿಮಾಡಿಕೊಂಡು ತಮ್ಮ ಕಾಗದ ತೆಗೆದು ಓದಿದರು.

“‘ಸದರಿ ಪತ್ನಿಯವರು ನನ್ನೊಂದಿಗೆ ಮೂವತ್ತಾರು ವರ್ಷಗಳ ಕಾಲ ತೃಪ್ತಿಕರವಾಗಿ ಕಾರ್ಯ ನಿರ್ವಹಿಸಿರುತ್ತಾರೆ. ನಂತರ ಅವರು ದಿವಂಗತರಾದ ಪ್ರಯುಕ್ತ ಸದರಿ ಸ್ಥಾನವು ಅಂದಿನಿಂದ ಖಾಲಿ ಇರುತ್ತದೆ.’”

ಮಾವ ಕಪ್ಪು ಕನ್ನಡಕವನ್ನು ಅಳಿಯನ ಕಡೆ ತಿರುಗಿಸಿದರು.

“ಇದನ್ನ ನಾನು ಬರೆದಿದ್ದೀನಾ?”

“ಹೌದು ಮಾವ.”

“ಅವಳು ಕಿಟಕೀಲಿ ದೀಪ ಇಡ್ತಿದ್ದದ್ದು ಬರೆದಿದ್ದ ನೆನಪು.”

“ಅದು ನೀವು ಬರೀಬೇಕು ಅಂದ್ಕೊಂಡಿದ್ದಿರಬಹುದು ಮಾವ. ವಯಸ್ಸಾಯ್ತಲ್ಲ, ಒಂದೊಂದ್ಸಲ ಹಾಗಾಗುತ್ತೆ.”

ಹೀಗೆಂದು ಹೇಳಲು ತಜ್ಞರ ನಾಲಿಗೆ ತೊದಲಲಿಲ್ಲ. ತಮ್ಮ ಬಿರುದು ಉಳಿಸಿಕೊಳ್ಳಲು ಒಬ್ಬ ಮುದುಕನಿಗೆ ತನ್ನ ತಲೆಯ ಮೇಲೇ ನಂಬಿಕೆ ಹೋಗುವಂತೆ ಮಾಡಿದರು, ಮಾಡಿ ರಾತ್ರಿಯ ಊಟ ಎಂದಿನಂತೆ ಮುಗಿಸಿದರು. ಬಾಗಿಲ ಹಿಂದೆ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮಾವ ಊಟಕ್ಕೆ ಏಳಲಿಲ್ಲ. ಮರುದಿನ ಬೆಳಿಗ್ಗೆ ಮಗಳ ಹತ್ತಿರ, “ನಿನ್ನ ಅಮ್ಮನ ಬಗ್ಗೆ ನಾನು ಇಷ್ಟು ಒಣಕಲಾಗಿ ಬರೆದೆನೇನಮ್ಮಾ? ತಲೆ ಕೆಡ್ತಾ ಇದೆ ನಂದು. ಪ್ರೆಸ್ಸಿಗೆ ನಿನ್ನ ಗಂಡನೇ ಕೊಡಲಿ, ನಾನಿನ್ನು ಮುಟ್ಟಲ್ಲ” ಎಂದರು.

ಶನಿವಾರ ಬಂತು. ಬೆಳಿಗ್ಗೆ ಡಾಕ್ಟರು ಮಾವನ ಕಪ್ಪು ಕನ್ನಡಕ ತೆಗೆಸಿ, ಸ್ವಲ್ಪ ಸ್ವಲ್ಪ ಓದಬಹುದು ಎಂದಿದ್ದರು. ಹನ್ನೊಂದು ಗಂಟೆಗೆ ಮೇಡಂ ಬಂದರು. ಮೇಡಂ ಬರುತ್ತಾರೆಂದು ಸೋದರತ್ತೆ, ಭಾವಮೈದ, ಗೂಡ್ಸ್ ಗುಮಾಸ್ತರೂ ಬಂದು ಸೋಫಾ ತುಂಬಿಕೊಂಡಿದ್ದರು. ಒಂದೇ ಸಿಸ್ಟಮ್ ಉಳಿದಿದೆ ಎಂದುಕೊಂಡಿದ್ದ ತಜ್ಞರು ಎರಡನೆಯದನ್ನು ತೋರಿಸುವ ಉಪಾಯ ಮಾಡಿಟ್ಟಿದ್ದರು. ಬೆಟ್ಟದ ಚಿತ್ರ ತೋರಿಸಿ ಇದೊಂದು ಎನ್ನುವುದು, ಹೊರಗೆ ಏನೋ ಸದ್ದಾಯಿತು ಎಂದು ಮೇಡಂ ತಿರುಗುವಂತೆ ಮಾಡಿ, ಕಡಲಿನ ಚಿತ್ರ ಹಾಕಿ ಇದಿನ್ನೊಂದು ಎನ್ನುವುದು.

ಸ್ವಿಚ್ ಒತ್ತಿದರು. “ಇದು ಏಳೋಕೆ ಸ್ವಲ್ಪ ಹೊತ್ತಾಗುತ್ತೆ ಮೇಡಂ. ಅಷ್ಟರಲ್ಲಿ ಒಳಗೆ ಕಾಫಿ...”

ಎಲ್ಲರೂ ಎದ್ದು ಊಟದ ಮನೆಗೆ ನಡೆದರು. ಮಾವನೂ ಎದ್ದರು, ಆದರೆ ಒಳಗೆ ಹೋಗದೆ ಪರದೆಯ ಮುಂದೆ ಹೋಗಿ ಕೈಕಟ್ಟಿ ನಿಂತರು. ತಲೆ ಕೆಟ್ಟಿರಬಹುದು, ಆದರೆ ಪ್ಲಾಟ್‌ಫಾರ್ಮ್ ಬಿಡುವ ಅಭ್ಯಾಸ ಅವರಿಗಿರಲಿಲ್ಲ.

ಕಾಫಿಯ ಜೊತೆ ತಜ್ಞರು ಎರಡು ಸಿಸ್ಟಮ್ ಇರುವ ಮನೆಯ ಜವಾಬ್ದಾರಿಗಳ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದರು. ಲೋಟ ಖಾಲಿಯಾಗಿ, ಬಿಸ್ಕತ್ತು ಮುಗಿದು, ಎಲ್ಲರೂ ಹಜಾರಕ್ಕೆ ಬಂದರೆ ಮಾವ ಕುರ್ಚಿಯಲ್ಲಿ ಕೂತು ಓದುತ್ತಿದ್ದರು. ಪರದೆಯಲ್ಲಿ ಬೆಟ್ಟವಿರಲಿಲ್ಲ. ಹಳೆಯ ಪರದೆ, ಹಳೆಯ ಫೋಲ್ಡರು, ತೆರೆದಿಟ್ಟ ಮುನ್ನೂರ ಹನ್ನೆರಡು ಪುಟ.

“ಇದು... ಇದೆಲ್ಲಿತ್ತು?” ಎಂದರು ತಜ್ಞರು. ದನಿ ಕೀರಲಾಗಿ ಬಂತು.

“ಇಲ್ಲೇ ಇತ್ತು” ಎಂದರು ಮಾವ ತಿರುಗದೆ. “ಶುರುವಾಗೋವಾಗ ಎರಡು ಲೈನ್ ತೋರಿಸ್ತು. ಹತ್ತು ಸೆಕೆಂಡು ಎಣಿಸ್ತಾ ನಿಂತಿತ್ತು. ಎರಡನೇದು ಎರಡು ವರ್ಷ ದಿನಾ ನೋಡಿದ ಹೆಸರು. ಆ ಲೈನಿಗೆ ಬಿಟ್ಟೆ.”

“ಅರೆ, ನಿಜಕ್ಕೂ ಎರಡಿವೆ!” ಎಂದು ಮೇಡಂ ಚಪ್ಪಾಳೆ ತಟ್ಟಿದರು. “ನಾನೆಲ್ಲೋ ನೀವು ಸುಮ್ನೆ ರೈಲು ಬಿಡ್ತಿದೀರಿ ಅಂದ್ಕೊಂಡಿದ್ದೆ. ಭೇಷ್ ತಜ್ಞರೇ! ಬರೋ ಭಾನುವಾರ ನಮ್ಮನೆಗೆ ಬಂದು ಮಾಡ್ಕೊಡಿ.”

ತಜ್ಞರು ತಲೆಯಾಡಿಸಿದರು. ವಾರವಿಡೀ ಹಾತೊರೆದ ಹೊಗಳಿಕೆ ಸಿಕ್ಕಿತ್ತು, ಅದನ್ನು ಅನುಭವಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಮಾವ ಗಟ್ಟಿಯಾಗಿ ಓದತೊಡಗಿದರು. ಹಳಿ ಕುಸಿದ ದಿನ ತಾವು ಬಾವುಟ ಹಿಡಿದು ಓಡಿದ್ದು, ಗೂಡ್ಸ್ ಗುಮಾಸ್ತರು ಪಾರ್ಸಲ್ ಕೋಣೆಯಲ್ಲಿ ಮೂಟೆಗಳ ಮೇಲೆ ನಿದ್ದೆ ಹೊಡೆಯುತ್ತಿದ್ದದ್ದು ಬಂತು. ಗುಮಾಸ್ತರು ಕೋಲು ಹುಡುಕಿಕೊಂಡರು. ಪರೀಕ್ಷೆಯ ಹಿಂದಿನ ದಿನ ತಂಗಿ ತಮ್ಮ ಪುಸ್ತಕ ಹರಿದು ದೋಣಿ ಮಾಡಿದ್ದು ಬಂತು. ಅತ್ತೆಗೆ ಮನೆಯಲ್ಲಿ ಹಾಲು ಒಲೆಯ ಮೇಲಿಟ್ಟದ್ದು ನೆನಪಾಯಿತು. ಭಾವಮೈದ ಮೂರು ಸಲ ನಪಾಸಾದದ್ದು ಬರುವ ಮೊದಲೇ ಚಪ್ಪಲಿ ಮೆಟ್ಟಿಕೊಂಡಿದ್ದ. ಅದರ ಮುಂದಿನ ಸಾಲಿನಲ್ಲಿ ‘ಆದರೂ ನಿಂತುಹೋಗಿದ್ದ ಸ್ಟೇಷನ್ ಗಡಿಯಾರವನ್ನು ಹನ್ನೆರಡನೇ ವಯಸ್ಸಿಗೆ ಬಿಚ್ಚಿ ನಡೆಸಿದವನು ನನ್ನ ಮಗ’ ಎಂದಿತ್ತು. ಅದನ್ನು ಕೇಳಲು ಅವನು ಇರಲಿಲ್ಲ.

ಆಮೇಲೆ ಹೆಂಡತಿಯ ಅಧ್ಯಾಯ. “‘ಕಡೇ ಗಾಡಿ ಬಿಟ್ಟು ನಾನು ಮನೆಗೆ ಹೊರಟರೆ ಹಳಿಯ ಆಚೆ ನಮ್ಮ ಕಿಟಕಿಯಲ್ಲಿ ದೀಪ ಕಾಣುತ್ತಿತ್ತು. ನಾನು ಮೂವತ್ತು ವರ್ಷ ಬೇರೆಯವರಿಗೆ ದೀಪ ತೋರಿಸಿದೆ. ನನಗೆ ತೋರಿಸಿದವಳು ಅವಳೊಬ್ಬಳೇ.’”

ಓದುವುದು ನಿಂತಿತು. ಮಗಳು ಬಂದು ಹೆಗಲ ಮೇಲೆ ಕೈಯಿಟ್ಟಳು. ಮಾವ ಕಣ್ಣು ಒರೆಸಿಕೊಳ್ಳಲು ಹೋಗಿ, ಡಾಕ್ಟರ ಮಾತು ನೆನಪಾಗಿ ಕೈ ಹಿಂದೆಗೆದುಕೊಂಡರು.

“ನನ್ನ ತಲೆ ಸರಿಯಾಗೇ ಇದೆಯಮ್ಮ” ಎಂದರು. “ಸರಿಯಾಗೇ ಇದೆ.”

ಮೇಡಂ ಏನೋ ಅರ್ಥವಾದವರಂತೆ ಕೈಚೀಲ ಎತ್ತಿಕೊಂಡು ಮೆಲ್ಲಗೆ ಹೊರಟರು. ಹಜಾರದಲ್ಲಿ ಅಪ್ಪ, ಮಗಳು, ತಜ್ಞರು ಉಳಿದರು. ಮಾವ ಕೊನೆಯ ಪುಟಕ್ಕೆ ಹೋದರು. ತಜ್ಞರು ಕುರ್ಚಿಯ ಹಿಂದಿನಿಂದ ಇಣುಕಿದರು. ಅಲ್ಲಿ ಅವರ ಬಗ್ಗೆ ಹನ್ನೊಂದು ಪುಟ ಇರಲಿಲ್ಲ. ಒಂದೇ ಸಾಲು ಇತ್ತು:

‘ನನ್ನ ಅಳಿಯ ಒಳ್ಳೆಯವನು, ನಾನು ಹೇಳುವುದನ್ನು ಬೇಸರಪಡದೆ ಕೇಳುತ್ತಾನೆ, ನಾಳೆ ನನಗೆ ಮರೆತುಹೋದರೂ ಅವನಿಗೆ ಎಲ್ಲ ನೆನಪಿರುತ್ತದೆ.’

“ಮಾವ...” ಎಂದರು ತಜ್ಞರು. ಬಾಯಿ ಮುಚ್ಚಿಕೊಂಡಿರುವ ಅವಕಾಶವೊಂದನ್ನು ಅವರು ಕೊನೆಗೂ ಬಳಸಿಕೊಂಡರು.

ಮಾವ ಬೈಯಲಿಲ್ಲ. ಆ ಸಾಲಿನ ತುದಿಗೆ ಹೋಗಿ, ಬರೆದ ಬೆರಳಿನಲ್ಲೇ, ಬರೆದಷ್ಟೇ ನಿಧಾನವಾಗಿ, ಒಂದೊಂದೇ ಅಕ್ಷರ ಅಳಿಸುತ್ತ ಬಂದರು. ತಜ್ಞರು ನಿಂತು ಪೂರ್ತಿ ನೋಡಿದರು. ಹತ್ತು ಸೆಕೆಂಡಿಗಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು.

ಆ ವಾರವೆಲ್ಲ ಸೇರಿ ಆ ಕಂಪ್ಯೂಟರಿನಿಂದ ಅಳಿಸಿಹೋದದ್ದು ಅದೊಂದೇ ಸಾಲು.